ಎರಡು ಗಿಡ್ಡ, ಒಂದು ಉದ್ದ

ಫೆಬ್ರವರಿ 9, 1956

ಇದು ಇವರ ಡೈರಿ. ಹೊಸ ವರ್ಷಕ್ಕೆ ಯಾರೋ ಕೊಟ್ಟದ್ದು. ಮೊದಲ ಪುಟದಲ್ಲಿ ‘ವಿಷ್ಣುಮೂರ್ತಿ, ಎಂಜಿನ್ ಡ್ರೈವರ್, ಪೆರಂಬೂರು, ಮದರಾಸು’ ಎಂದು ಬರೆದು ಅಲ್ಲಿಗೆ ಬಿಟ್ಟಿದ್ದಾರೆ. ಇವರ ಬಾಯಿಯೂ ಹಾಗೇ ಇತ್ತು, ಬೇಕಾದಷ್ಟೇ ತೆರೆಯುವುದು. ಉಳಿದ ಹಾಳೆ ದಂಡವಾಗುತ್ತದಲ್ಲ ಎಂದು ನಾನು ಬರೆಯುತ್ತಿದ್ದೇನೆ. ಬೇರೆ ಕಾರಣ ಇಲ್ಲ.

ಇವರ ಉತ್ತರಕ್ರಿಯೆಗೆ ಬಂದ ನೆಂಟರೆಲ್ಲ ಹೋದರು. ಅಣ್ಣ ಸೀತಾರಾಮ ಎಲ್ಲರಿಗಿಂತ ಕೊನೆಗೆ ಹೊರಟ. ಮೈಲಾಪುರದ ಅವನ ಹೋಟೆಲು ಎಷ್ಟು ದಿನ ಅಂತ ಬೇರೆಯವರ ಕೈಯಲ್ಲಿ ನಡೆದೀತು? ಹೋಗುವಾಗ, “ಜುಲೈಯಲ್ಲಿ ಈ ಕ್ವಾರ್ಟರ್ಸು ಬಿಡಬೇಕಂತೆ. ನೀನೂ ಮಗಳೂ ನಮ್ಮಲ್ಲಿಗೆ ಬಂದುಬಿಡಿ. ಮಹಡಿ ಮೇಲೆ ಒಂದು ಕೋಣೆ ಉಂಟು” ಅಂದ. ಆಯ್ತು ಅಂದೆ. ಯಾರು ಏನು ಕೇಳಿದರೂ ಆಯ್ತು ಅಂದುಬಿಡುವುದು ಸುಲಭ, ಅವರು ಮುಂದೆ ಕೇಳುವುದಿಲ್ಲ.

ಸಂಜೆಗೆ ಉಪ್ಪಿಟ್ಟು.

ಫೆಬ್ರವರಿ 14

ಹಿತ್ತಿಲ ಬೇಲಿಯ ಆಚೆಗೇ ರೈಲು ಹಳಿ. ಅಲ್ಲಿ ಹಳಿಗೆ ಒಂದು ತಿರುವು, ತಿರುವು ಮುಗಿದರೆ ಗೇಟು. ಗೇಟು ಬರುವ ಮೊದಲು ಪ್ರತಿ ಗಾಡಿಯೂ ಸೀಟಿ ಹೊಡೆಯಲೇಬೇಕು, ಅದು ಕಾನೂನು. ಎಲ್ಲರೂ ಒಂದು ಉದ್ದ ಸೀಟಿ ಹೊಡೆದು ಹೋಗುತ್ತಾರೆ. ಇವರ ಗಾಡಿಯದು ಮಾತ್ರ ಎರಡು ಗಿಡ್ಡ, ಒಂದು ಉದ್ದ. ಅದು ಕೇಳಿದ ಕೂಡಲೇ ನಾನು ಅಕ್ಕಿ ಹಾಕುವುದು. ನಮ್ಮದು ಊರಿನಿಂದ ತರಿಸುವ ಕುಚ್ಚಲಕ್ಕಿ, ಬೇಯಲು ಹೊತ್ತು ಹಿಡಿಯುತ್ತದೆ. ಇವರು ಎಂಜಿನನ್ನು ಶೆಡ್ಡಿಗೆ ಬಿಟ್ಟು, ಸಹಿ ಹಾಕಿ, ನಡೆದು ಬರುವಷ್ಟರಲ್ಲಿ ಅನ್ನ ಸರಿಯಾಗುತ್ತಿತ್ತು. ಬಂದವರು ಹಿಂಬಾಗಿಲಲ್ಲಿ ನಿಂತು, “ಕೇಳಿಸಿತಾ?” ಅನ್ನುವರು. “ಕೇಳಿಸಿತು. ಕೈಕಾಲು ತೊಳೆದು ಬನ್ನಿ” ಅನ್ನುವುದು ನಾನು. ಮದುವೆಯಾಗಿ ಈ ಮನೆಗೆ ಬಂದಲ್ಲಿಂದ ಇದೇ ಮಾತು. ಇದಕ್ಕಿಂತ ಹೆಚ್ಚು ಮಾತಾಡಿದ ದಿನ ಕಡಿಮೆ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯಬೇಕು. ಜನವರಿಯಲ್ಲಿ ಅವತ್ತು ಅರಕೋಣದಲ್ಲಿ, ಡ್ರೈವರುಗಳು ತಂಗುವ ಮನೆಯಲ್ಲಿ, ಬೆಳಿಗ್ಗೆ ಕಾಫಿ ಕುಡಿದು ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಇವರ ಗಾಡಿಯನ್ನು ಬೇರೆ ಯಾರೋ ಡ್ರೈವರು ತಂದ. ಇವರು ಹಿಂದೆ ಗಾರ್ಡಿನ ಡಬ್ಬಿಯಲ್ಲಿ ಮಲಗಿಕೊಂಡು ಬಂದರು. ನನಗೆ ಏನೂ ಗೊತ್ತಿಲ್ಲ. ಮಧ್ಯಾಹ್ನ ಸೀಟಿ ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. ಅಕ್ಕಿ ಹಾಕಿದೆ. ಗಂಜಿ ಬಸಿಯುವ ಹೊತ್ತಿಗೆ ಬಾಗಿಲಲ್ಲಿ ಜನ ನಿಂತಿದ್ದರು.

ಬೆಳಿಗ್ಗೆ ಹೋದವರು ಮಧ್ಯಾಹ್ನ ಸೀಟಿ ಹೊಡೆದರು. ಮನೆ ದಾಟುವಾಗ ನನಗೆ ಹೇಳಿ ಹೋದರು. ಇದನ್ನು ಯಾರಿಗೂ ಹೇಳಿಲ್ಲ, ಹೇಳಿದರೆ ತಲೆ ಕೆಟ್ಟಿದೆ ಅಂದಾರು. ಇದೊಂದು ನನ್ನ ಹತ್ತಿರ ಇರಲಿ.

ಫೆಬ್ರವರಿ 27

ಪಕ್ಕದ ಮನೆ ಜಾನಕಮ್ಮ ಬಂದಿದ್ದರು. ಮೈಸೂರು ಕಡೆಯವರು, ಗಾರ್ಡಿನ ಹೆಂಡತಿ, ಮನಸ್ಸು ಒಳ್ಳೆಯದು, ಬಾಯಿಗೆ ಬೀಗ ಇಲ್ಲ.

“ಒಂದ್ಸಲ ಅತ್ತುಬಿಡಿ ತುಂಗಮ್ಮ. ಒಳಗೇ ಇಟ್ಕೊಂಡ್ರೆ ಕಾಯಿಲೆ ಆಗುತ್ತೆ ಕಣ್ರೀ” ಅಂದರು.

ಅಳು ಏನು ಡಬ್ಬಿಯಲ್ಲಿಟ್ಟ ಹಪ್ಪಳವೇ, ನೆಂಟರು ಬಂದಾಗ ತೆಗೆದು ಕರಿಯಲು? ಬರಬೇಕಲ್ಲ. ಅವತ್ತೂ ಬಂದಿಲ್ಲ, ಆಮೇಲೂ ಬಂದಿಲ್ಲ. ಹೆಂಗಸರೆಲ್ಲ ನನ್ನ ಕಣ್ಣನ್ನೇ ನೋಡುತ್ತಾ ಕೂತಿದ್ದರು. ಜಾನಕಮ್ಮನಿಗೆ ಕಾಫಿ ಕೊಟ್ಟೆ, ಕುಡಿದು ಹೋದರು.

ಮಾರ್ಚ್ 11

ಗೋಧಿ ದೋಸೆ. ಬಟ್ಟೆ ಒಗೆದೆ.

ಮಾರ್ಚ್ 20

ಸುಮತಿ ಇಸ್ಕೂಲಿನಿಂದ ಬಂದು ತಟ್ಟೆ ನೋಡಿ, “ಅಮ್ಮಾ, ಇನ್ನಿಕ್ಕುಮ್ ಉಪ್ಪುಮಾವಾ?” ಅಂದಳು. ಇವತ್ತೂ ಉಪ್ಪಿಟ್ಟಾ ಅಂತ. ನಾನು ಕನ್ನಡದಲ್ಲಿ ಹೇಳುವುದು, ಅವಳು ತಮಿಳಿನಲ್ಲಿ ಉತ್ತರ ಕೊಡುವುದು, ಇದು ಮೊದಲಿಂದಲೂ ಹೀಗೇ. ಅಪ್ಪ ಇದ್ದಾಗ ಅಷ್ಟಿಷ್ಟು ಕನ್ನಡ ಆಡುತ್ತಿದ್ದಳು.

“ಸಾದಂ ಎಪ್ಪೋ?” ಅಂದಳು. ಅನ್ನ ಯಾವಾಗ?

ನಾಳೆ ಅಂದೆ. ಅವಳು ಆಚೆ ಹೋದ ಮೇಲೆ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದೆ, ಸ್ವಲ್ಪ ಹೊತ್ತು ನೋಡಿ ಮತ್ತೆ ಹಾಕಿದೆ. ಸೀಟಿ ಇಲ್ಲದೆ ಅಕ್ಕಿ ಹಾಕುವುದು ಯಾವಾಗ ಅಂತ ಕೈಗೆ ಗೊತ್ತಾಗುವುದಿಲ್ಲ. ಹನ್ನೆರಡರ ಗಾಡಿ ಹೋಗುತ್ತದೆ, ಒಂದು ಉದ್ದ. ಎರಡೂವರೆಯದು ಹೋಗುತ್ತದೆ, ಒಂದು ಉದ್ದ. ಯಾವುದೂ ನಮ್ಮದಲ್ಲ. ಹುಡುಗಿ ಜಾನಕಮ್ಮನ ಮನೆಯಲ್ಲಿ ಹುಳಿಯನ್ನ ತಿಂದು ಬಂದಳು. ಬಾಯಿಯ ಹತ್ತಿರ ಒಂದು ಅಗುಳು ಅಂಟಿತ್ತು. ಸೆರಗಿನಿಂದ ಒರೆಸಿದೆ.

ಏಪ್ರಿಲ್ 13

ಇಲ್ಲಿಯವರಿಗೆ ಹೊಸ ವರ್ಷ, ನಮ್ಮ ಊರಲ್ಲಿ ಬಿಸು. ನಮಗೆ ಈ ವರ್ಷ ಹಬ್ಬ ಇಲ್ಲ. ಆದರೂ ಅಣ್ಣ ಹೋಟೆಲಿನಿಂದ ಮೈಸೂರು ಪಾಕು ಕಟ್ಟಿಸಿಕೊಂಡು ಬಂದ, ಸುಮತಿಗೆ ಅಂತ.

“ನಿಮ್ಮ ಪೆರಂಬೂರಿನದ್ದೇ ಸುದ್ದಿ ಈಗ ಹೋಟೆಲಿನಲ್ಲಿ” ಅಂದ. “ಈ ಕಡೆಗೆ ರೈಲು ಬಂದು ನೂರು ವರ್ಷ ಆಯ್ತಂತೆ. ನಿಮ್ಮ ರೈಲ್ವೆ ಕಾರ್ಖಾನೆಯಲ್ಲಿ ಒಂದು ಓಬೀರಾಯನ ಕಾಲದ ಎಂಜಿನ್ ರಿಪೇರಿ ಮಾಡುತ್ತಿದ್ದಾರಂತೆ. ತುಕ್ಕು ಹಿಡಿದು ಮಲಗಿದ್ದದ್ದು. ಜುಲೈ ಒಂದಕ್ಕೆ ಓಡಿಸುತ್ತಾರಂತೆ. ಆಮೇಲೆ ಆದಿತ್ಯವಾರ ಆದಿತ್ಯವಾರ ಎರಡು ಹಳೇ ಡಬ್ಬಿ ಕಟ್ಟಿ ಜನರನ್ನೂ ಕೂರಿಸುತ್ತಾರಂತೆ. ಸತ್ತ ಎಂಜಿನ್ನಿಗೆ ಜೀವ ಬರಿಸುವುದು ಅಂದರೆ ಸಣ್ಣ ಕೆಲಸವಾ ಮಾರಾಯ್ತಿ?”

ಬರಿಸಲಿ ಅಂದೆ. ಅಣ್ಣ ನಾಲಿಗೆ ಕಚ್ಚಿಕೊಂಡ. ಯಾಕೆ ಕಚ್ಚಿಕೊಳ್ಳಬೇಕು? ಎಂಜಿನ್ನಿಗೆ ಬರಿಸಬಹುದು.

ಏಪ್ರಿಲ್ 30

ಸೆಕೆ. ಬರೆಯಲು ಏನೂ ಇಲ್ಲ.

ಮೇ 6, ಆದಿತ್ಯವಾರ

ಶೀನ ಬಂದಿದ್ದ. ಇವರ ಎಂಜಿನ್ನಿನಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್ ಶೀನ. ನಮ್ಮ ಊರ ಕಡೆಯವನೇ, ಇವರೇ ಕೆಲಸಕ್ಕೆ ಸೇರಿಸಿದ್ದು, ಇವರನ್ನು ಅಣ್ಣ ಅಂತಲೇ ಕರೆಯುವುದು. ವರ್ಷಗಟ್ಟಲೆ ಜೊತೆಗಿದ್ದವನು, ಅವತ್ತಿನಿಂದ ಈ ಕಡೆ ತಲೆ ಹಾಕಿರಲಿಲ್ಲ.

“ಬಾ, ನೀನೂ ಸತ್ತಿಯೇನೋ ಅಂದುಕೊಂಡಿದ್ದೆ” ಅಂದೆ. ಬಾಯಿಂದ ಹೋದ ಮೇಲೆ ಆ ಮಾತು ಬೇಡವಿತ್ತು ಅನಿಸಿತು.

“ಇಲ್ಲ ತುಂಗಕ್ಕ. ಲೈನಿನ ಡ್ಯೂಟಿ ಬೇಡ ಅಂತ ಕೇಳಿಕೊಂಡೆ. ಈಗ ಕಾರ್ಖಾನೆಯಲ್ಲಿ ಆ ಹಳೇ ಎಂಜಿನ್ ಉಂಟಲ್ಲ, ಅದರ ಕೆಲಸದಲ್ಲಿದ್ದೇನೆ. ಅಣ್ಣ ರೈಲ್ವೆಗೆ ಹೊಸದಾಗಿ ಸೇರಿದಾಗ ಬಟ್ಟೆ ಹಿಡಿದು ಒರೆಸುತ್ತಿದ್ದ ಎಂಜಿನ್ ಅದೇ ಅಂತೆ. ಆಗಲೇ ಅದು ಮುದಿಯಂತೆ, ಯಾರ್ಡಿನಲ್ಲಿ ಡಬ್ಬಿ ದೂಡುತ್ತಿತ್ತಂತೆ.”

ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತ.

“ಜುಲೈ ಒಂದಕ್ಕೆ ಅದರ ಬೆಂಕಿ ನನಗೇ ಕೊಟ್ಟಿದ್ದಾರೆ. ಈ ಗೇಟಿನ ತಿರುವಿನಲ್ಲಿ ಹೋಗುವಾಗ ಅಣ್ಣನ ಸೀಟಿ ಹೊಡೆಯಲಾ ಅಂತ ಕೇಳಲಿಕ್ಕೆ ಬಂದೆ.”

“ಅವರ ಸೀಟಿ ನೀನು ಎಂತಕ್ಕೆ ಹೊಡೆಯುವುದು? ಅದು ಅವರ ಕೈ. ಆ ಕೈ ಹೋಯ್ತು.”

ಶೀನ ನೆಲ ನೋಡಿದ. “ಅಕ್ಕ, ಅದು ಯಾವಾಗಲೂ ನಾನೇ ಹೊಡೆಯುತ್ತಿದ್ದದ್ದು. ತಿರುವಿನಲ್ಲಿ ಅಣ್ಣ ಹೊರಗೆ ಬಗ್ಗಿ ಸಿಗ್ನಲ್ ನೋಡಬೇಕು. ಎರಡು ಕೈಯೂ ಖಾಲಿ ಇರುವುದಿಲ್ಲ. ಸೀಟಿಯ ಸರಪಳಿ ನನ್ನ ಕಡೆ.”

“ಅವತ್ತು?”

“ಅವತ್ತೂ.” ಲೋಟ ಕೆಳಗಿಟ್ಟ. “ಕೈ ತಾನಾಗಿ ಹೋಯ್ತು ಅಕ್ಕ. ಎಳೆದ ಮೇಲೆ ಗೊತ್ತಾಯ್ತು ಎಂತ ಮಾಡಿದೆ ಅಂತ. ನೀವು ಒಳಗೆ ಅಕ್ಕಿ ಹಾಕಿರ್ತೀರಿ ಅಂತ ಗೊತ್ತುಂಟಲ್ಲ ನನಗೆ. ಆಮೇಲೆ ಇಲ್ಲಿಗೆ ಬರಲಿಕ್ಕೆ ಮುಖ ಇರಲಿಲ್ಲ.”

ಹೋಗು ಅಂದೆ. ಹೋದ. ಕಾಫಿ ಹಾಗೇ ಉಳಿದಿತ್ತು, ಗಿಡಕ್ಕೆ ಹೊಯ್ದೆ.

ಮೇ 7

ಇವರು ಹೇಳಿ ಹೋಗಿರಲಿಲ್ಲ.

ಮೇ 9

ಉಪ್ಪಿಟ್ಟು.

ಮೇ 15

ಶೀನನ ಮೇಲೆ ಸಿಟ್ಟು ಅಂತ ಒಂದು ವಾರ ಅಂದುಕೊಂಡಿದ್ದೆ. ಇವತ್ತು ಬಚ್ಚಲು ತಿಕ್ಕುವಾಗ ಗೊತ್ತಾಯಿತು, ಸಿಟ್ಟು ಇವರ ಮೇಲೆ. ಇಷ್ಟು ವರ್ಷ ಹಿಂಬಾಗಿಲಲ್ಲಿ ನಿಂತು ಕೇಳಿಸಿತಾ ಕೇಳಿಸಿತಾ ಅಂದವರು, ಹೊಡೆಯುವುದು ಶೀನ ಮಾರಾಯ್ತಿ ಅಂತ ಒಂದು ದಿನ ಹೇಳಬಾರದಿತ್ತಾ? ಇವರಿಗೆ ಮಾತು ಅಂದರೆ ಅಷ್ಟು ಬಿಗಿ. ಸುಮತಿ ಹುಟ್ಟಿದಾಗಲೂ ತೊಟ್ಟಿಲು ಬಗ್ಗಿ ನೋಡಿ “ಹ್ಞಾಂ” ಅಂದದ್ದು, ಅಷ್ಟೇ.

ಆದರೆ ನಾನು ಹೊಡೆದೆ ಅಂತಲೂ ಇವರು ಯಾವತ್ತೂ ಹೇಳಿರಲಿಲ್ಲ. ಅದು ನನ್ನ ತಲೆಯೊಳಗೆ ನಾನೇ ಕಟ್ಟಿದ್ದು. ಬಚ್ಚಲು ಎರಡು ಸಲ ತಿಕ್ಕಿದೆ.

ಜೂನ್ 3, ಆದಿತ್ಯವಾರ

ಹಳೆಯ ಎಂಜಿನ್ನನ್ನು ಇವತ್ತು ಪರೀಕ್ಷೆಗೆ ಓಡಿಸಿದರು. ಸುಮತಿ ಬೇಲಿಗೆ ಓಡಿದಳು. ನಾನು ಅಡಿಗೆಮನೆ ಕಿಟಕಿಯಿಂದ ನೋಡಿದೆ. ಇಷ್ಟೇ ಇಷ್ಟು, ಹೊಗೆ ಕೊಳವೆ ಮಾತ್ರ ಉದ್ದ. ಮೇಲೆ ಮಾಡು ಇಲ್ಲ, ನಿಂತವರೆಲ್ಲ ಬಯಲಿನಲ್ಲಿ. ಹಸಿರು ಬಣ್ಣ ಬಳಿದು, ಹಿತ್ತಾಳೆ ಎಲ್ಲ ಫಳಫಳ. ಬಲು ನಿಧಾನಕ್ಕೆ ಬಂತು, ಮುದುಕಿ ಸಂತೆಗೆ ಹೊರಟ ಹಾಗೆ.

ಗೇಟಿನ ಮೊದಲು ಒಂದು ಉದ್ದ ಸೀಟಿ ಹೊಡೆಯಿತು, ಸಾದಾ. ಸ್ವರ ಸಣ್ಣ. ಶೀನ ಈ ಕಡೆ ತಿರುಗಿ ನೋಡಲಿಲ್ಲ. ಹೋಗು ಅಂದವಳು ನಾನೇ ತಾನೆ.

ಅಕ್ಕಿಗೆ ಹುಳ ಬಿದ್ದಿದೆಯೋ ಅಂತ ಮಧ್ಯಾಹ್ನ ಮೊರದಲ್ಲಿ ಹಾಕಿ ಕೇರಿದೆ. ಬಿಸಿಲಿಗೆ ಇಟ್ಟು ಮತ್ತೆ ತುಂಬಿಸಿದೆ.

ಜೂನ್ 10, ಆದಿತ್ಯವಾರ

ಕಾರ್ಖಾನೆಯವರ ಮನೆಮಂದಿಗೆ ಇವತ್ತು ಎಂಜಿನ್ ನೋಡಲು ಬಿಟ್ಟಿದ್ದರು. ನಾನು ಹೋಗುವವಳಲ್ಲ. ಸುಮತಿ, “ಅಪ್ಪಾ ತೊಡೆಚ್ಚ ಎಂಜಿನ್” ಅಂದಳು. ಅಪ್ಪ ಒರೆಸಿದ ಎಂಜಿನ್. ಅವತ್ತು ಶೀನ ಬಂದಾಗ ಒಳಕೋಣೆಯಲ್ಲಿ ಕೂತು ಎಲ್ಲ ಕೇಳಿದ್ದಾಳೆ. ಇಷ್ಟು ದಿನ ಒಂದು ಮಾತು ಆಡಲಿಲ್ಲ, ಅಪ್ಪನದೇ ಬುದ್ಧಿ. ಹೊರಟೆ.

ಜನ ಇದ್ದರು. ನಮ್ಮನ್ನು ನೋಡಿ ಶೀನ ಕೈಯಲ್ಲಿದ್ದ ಎಣ್ಣೆ ಬಟ್ಟೆ ಕೆಳಗಿಟ್ಟ. ಸುಮತಿಯನ್ನು ಎತ್ತಿ ಮೇಲೆ ನಿಲ್ಲಿಸಿದ. ನಾನೂ ಸೆರಗು ಸಿಕ್ಕಿಸಿ ಹತ್ತಿದೆ. ಯಾರು ನೋಡಿದರೆ ಏನು?

“ಡ್ರೈವರ್ ನಿಲ್ಲುವುದು ಎಲ್ಲಿ?” ಅಂದೆ. ತೋರಿಸಿದ. ಅಲ್ಲಿ ನಿಂತೆ. ಒಂದು ಕೈ ಆ ಹಿಡಿಯ ಮೇಲೆ ಇಟ್ಟು, ಹೊರಗೆ ಬಗ್ಗಿ ಮುಂದೆ ನೋಡಿದೆ. ನಿಜ, ಇನ್ನೊಂದು ಕೈಗೆ ಸರಪಳಿ ಸಿಕ್ಕುವುದಿಲ್ಲ. ಅದು ಶೀನ ನಿಂತ ಕಡೆಗಿತ್ತು.

“ನಿನಗೆ ಹೇಗೆ ಗೊತ್ತಾಗುತ್ತಿತ್ತು, ಯಾವಾಗ ಎಳೆಯಬೇಕು ಅಂತ?”

“ಅಣ್ಣ ಹೇಳುತ್ತಿದ್ದರು.”

“ಏನಂತ?”

“‘ಶೀನ, ಅಕ್ಕಿ’ ಅಂತ.”

“ಅಷ್ಟೇ?”

“ಅಷ್ಟೇ. ಅಣ್ಣನ ಮಾತು ನಿಮಗೆ ಗೊತ್ತುಂಟಲ್ಲ. ಒಂದು ದಿನ ತಪ್ಪಿಸಿಲ್ಲ. ಸಾಹೇಬರು ಎಂಜಿನ್ನಿನಲ್ಲೇ ಬಂದು ನಿಂತ ದಿನವೂ ಅವರ ಎದುರಿಗೇ ಅಂದರು, ‘ಶೀನ, ಅಕ್ಕಿ.’ ಸಾಹೇಬರು ಅದೇನೋ ರೈಲ್ವೆ ಆರ್ಡರು ಅಂತ ತಲೆ ಆಡಿಸಿದರು.”

ನನಗೆ ಕೆಮ್ಮು ಬಂದ ಹಾಗಾಯಿತು. ಸುಮತಿ ನನ್ನ ಮುಖವನ್ನೇ ನೋಡಿ, “ಅಮ್ಮಾ, ಸಿರಿಚ್ಚಿಯಾ?” ಅಂದಳು. ನಕ್ಕೆಯಾ ಅಂತ. ಇಲ್ಲ ಅಂದೆ.

ಇಳಿಯುವಾಗ ಶೀನ ಹೇಳಿದ: “ನೀವು ಹೆದರಬೇಡಿ ಅಕ್ಕ. ನಾನು ಆ ಸೀಟಿ ಹೊಡೆಯುವುದಿಲ್ಲ. ಅವತ್ತು ಒಂದೇ ದಿನ ಯಾರೂ ಹೇಳದೆ ಎಳೆದದ್ದು. ಇನ್ನು ಹೇಳುವವರು ಇಲ್ಲದೆ ಎಳೆಯುವುದಿಲ್ಲ ಅಂತ ದೇವರ ಮೇಲೆ ಆಣೆ ಹಾಕಿದ್ದೇನೆ.”

ದಾರಿಯಲ್ಲಿ ಸುಮತಿ ಕೈ ಹಿಡಿದುಕೊಂಡೇ ಬಂದಳು. ಮಣ್ಣು, ಎಣ್ಣೆ. ಸೀರೆಗೆ ಆದ ಕಲೆ ಹೋಗಿಲ್ಲ.

ಜೂನ್ 19

ಸಾಮಾನು ಕಟ್ಟಲು ಶುರು ಮಾಡಿದೆ. ಜುಲೈ ನಾಲ್ಕಕ್ಕೆ ಮೈಲಾಪುರಕ್ಕೆ ಹೊರಡುವುದು. ಅಣ್ಣನ ಮಹಡಿಯಿಂದ ದೇವಸ್ಥಾನದ ಗಂಟೆ ಕೇಳಿಸುತ್ತದೆ, ಬಸ್ಸಿನ ಹಾರನ್ನು ಕೇಳಿಸುತ್ತದೆ. ರೈಲು ಕೇಳಿಸುವುದಿಲ್ಲ.

ಅನ್ನದ ತಪ್ಪಲೆ ಮಾತ್ರ ಕಟ್ಟಿಲ್ಲ. ಅದು ಕೊನೆಗೆ ಹಾಕುವ ಅಂತ.

ಜೂನ್ 28

ಜಾನಕಮ್ಮ ಬಂದು ಸುತ್ತಿ ಬಳಸಿ ಮಾತಾಡಿದರು. ಆಮೇಲೆ ವಿಷಯಕ್ಕೆ ಬಂದರು.

“ನಾನು ಅನ್ನೋದಲ್ಲ ಕಣ್ರೀ, ಕ್ವಾರ್ಟರ್ಸಿನವರೆಲ್ಲ ಅಂತಿದಾರೆ. ಆದಿತ್ಯವಾರ ಎಲ್ಲಾರೂ ಬೇಲಿ ಹತ್ರ ಆರತಿ ತಟ್ಟೆ ಹಿಡ್ಕೊಂಡು ನಿಲ್ತಾರೆ. ಪೂಜೆ ಮಾಡಿ ಮೊದಲ್ನೇ ಸಲ ಹೊರಡೋ ಗಾಡಿ ನೋಡಿ. ಎದುರಿಗೆ ನೀವು... ಒಳಗಿಂದ್ಲೇ ನೋಡ್ಬಹುದಲ್ವೇ, ನಿಮ್ಮ ಕಿಟಕಿ ಇದೆಯಲ್ಲ.”

ಆಯ್ತು ಅಂದೆ. ಗಂಡ ಸತ್ತವಳು ಹೊರಟ ಗಾಡಿಗೆ ಎದುರಾಗಬಾರದು, ನನಗೂ ಗೊತ್ತಿರುವುದೇ. ಇವರು ಡ್ಯೂಟಿಗೆ ಹೊರಡುವಾಗ ನಾನೂ ರಸ್ತೆ ನೋಡಿ, ಅಂಥವರು ಯಾರೂ ಇಲ್ಲ ಅಂದ ಮೇಲೆಯೇ ಬಾಗಿಲು ತೆಗೆಯುತ್ತಿದ್ದೆ. ಗಂಡನಿಲ್ಲದ ಆ ಮೂಲೆ ಮನೆಯ ಮುದುಕಿಗೆ ಆಗ ಏನನಿಸಿತೋ. ಈಗ ಆ ಮುದುಕಿಯೂ ಇಲ್ಲ, ಕೇಳುವ ಹಾಗಿಲ್ಲ.

ಜುಲೈ 1, ಆದಿತ್ಯವಾರ

ಬೆಳಿಗ್ಗೆಯಿಂದ ಹಳಿಯ ಆಚೀಚೆ ಜನ. ಮಾವಿನ ತೋರಣ, ಬಾಳೆಕಂದು. ಕಿಟಕಿ ಹಾಕಿಕೊಂಡು ಒಲೆ ಹಚ್ಚಿ ತಪ್ಪಲೆಯಲ್ಲಿ ನೀರು ಇಟ್ಟೆ. ಉಪ್ಪಿಟ್ಟಿಗೆ ಅಷ್ಟು ನೀರು ಬೇಡ. ನೀರು ಕುದಿಯಿತು. ಅಕ್ಕಿ ಡಬ್ಬಿ ತೆಗೆದು ಪಕ್ಕದಲ್ಲಿಟ್ಟೆ, ಹಾಕಲಿಲ್ಲ. ಹಾಗೇ ನಿಂತಿದ್ದೆ.

ದೂರದಲ್ಲಿ ಜನ ಕೂಗಿದ್ದು ಕೇಳಿತು. ಆಮೇಲೆ ಅದರ ಉಸಿರು ಕೇಳಿತು, ಛಫ್ ಛಫ್ ಅಂತ. ಇನ್ನು ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ, ಒಂದು ಉದ್ದ ಹೊಡೆದು. ಮೂರು ದಿನ ಬಿಟ್ಟರೆ ನಾನೂ ಹೋಗಿಬಿಡುತ್ತೇನೆ. ಆಮೇಲೆ ಯಾವ ಕಾಲಕ್ಕೂ ಆ ಸೀಟಿ ಇಲ್ಲ. ಹೇಳುವವರು ಬೇಕು ಅಂದಿದ್ದ ಶೀನ. ಹೇಳುತ್ತಿದ್ದವರಿಲ್ಲ. ನಾನಿದ್ದೇನಲ್ಲ.

ಬಾಗಿಲು ತೆಗೆದು ಹೊರಗೆ ಬಂದೆ. ಆರತಿ ಹಿಡಿದು ನಿಂತವರು ತಿರುಗಿ ನೋಡಿ ಸರಿದರು. ಜಾನಕಮ್ಮ “ತುಂಗಮ್ಮಾ” ಅಂದರು, ಆಮೇಲೆ ಅವರೇ ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ ಜಾಗ ಬಿಟ್ಟರು. ಬೇಲಿಯ ಹತ್ತಿರ ಸುಮತಿ ಇದ್ದಳು. ಅವಳ ಪಕ್ಕ ನಿಂತೆ.

ಎಂಜಿನ್ ತಿರುವಿನಲ್ಲಿ ಬಂತು. ಹೂವಿನ ಹಾರ, ಹೊಗೆ. ಡ್ರೈವರು ಹೊರಗೆ ಬಗ್ಗಿ ಮುಂದೆ ನೋಡುತ್ತಿದ್ದ, ಇವರು ನೋಡುತ್ತಿದ್ದ ಹಾಗೆಯೇ. ಶೀನನ ಕೈ ಸರಪಳಿಯ ಮೇಲಿತ್ತು. ಅವನು ನನ್ನನ್ನು ನೋಡಿದ. ಎಳೆಯಲಿಲ್ಲ.

“ಶೀನಾ!” ಅಂತ ಕಿರುಚಿದೆ. ನನ್ನ ಸ್ವರ ನನಗೇ ಹೊಸದು. “ಶೀನಾ, ಅಕ್ಕಿ!”

ಎರಡು ಗಿಡ್ಡ. ಒಂದು ಉದ್ದ. ಆ ಉದ್ದದ್ದನ್ನು ಅವನು ಬಿಡಲೇ ಇಲ್ಲ, ಗೇಟು ದಾಟುವವರೆಗೂ ಎಳೆದು ಹಿಡಿದಿದ್ದ.

ಬೇಲಿ ಹಿಡಿದು ಅಲ್ಲೇ ಕೂತುಬಿಟ್ಟೆ. ಅತ್ತೆ. ಎಷ್ಟು ಹೊತ್ತು ಅತ್ತೆನೋ, ಜನವರಿಯಿಂದ ಉಳಿದದ್ದೆಲ್ಲ ಇತ್ತು. ಇವರು ಹೋದರು, ಇನ್ನು ಬರುವುದಿಲ್ಲ, ಅಯ್ಯೋ ದೇವರೇ, ಇನ್ನು ಬರುವುದೇ ಇಲ್ಲ. ಜಾನಕಮ್ಮ ಆರತಿ ತಟ್ಟೆ ಕೆಳಗಿಟ್ಟು ನನ್ನ ತಲೆಯನ್ನು ತಮ್ಮ ಮಡಿಲಿಗೆ ಒತ್ತಿಕೊಂಡರು. ಸುಮತಿ ನನ್ನ ಕಿವಿಯ ಹತ್ತಿರ ಬಂದು, “ಅಮ್ಮಾ, ಅಕ್ಕಿ ಹಾಕಬೇಕು” ಅಂದಳು. ಕನ್ನಡದಲ್ಲೇ.

ಎದ್ದು ಹೋಗಿ ಅಕ್ಕಿ ಹಾಕಿದೆ. ಬೆಂದ ಮೇಲೆ ನೋಡಿದರೆ ತಪ್ಪಲೆ ತುಂಬಾ ಅನ್ನ. ಕೈ ಹಳೆಯ ಅಳತೆಯನ್ನೇ ಹಾಕಿತ್ತು. ನಾವಿಬ್ಬರು ಇಷ್ಟನ್ನು ಉಣ್ಣುವುದು ಹೇಗೆ ಅಂತ ಸೌಟು ಹಿಡಿದು ನಿಂತಿದ್ದೆ.

ಗಂಜಿ ಬಸಿದು ತಿರುಗಿದಾಗ ಹಿಂಬಾಗಿಲಲ್ಲಿ ಶೀನ. ಮೈಯೆಲ್ಲ ಮಸಿ, ಕೊರಳಲ್ಲಿ ಯಾರೋ ಹಾಕಿದ ಹೂವಿನ ಹಾರ. ಎಂಜಿನ್ ಶೆಡ್ಡಿಗೆ ಬಿಟ್ಟು ನೇರ ಬಂದಿದ್ದ. ಒಳಗೆ ಬರಲು ಹೆದರಿಕೆ. ಬಾಯಿ ತೆರೆದ, ಏನೋ ಕೇಳಬೇಕೆಂದಿದ್ದ.

“ಕೇಳಿಸಿತು” ಅಂದೆ. “ಕೈಕಾಲು ತೊಳೆದು ಬಾ.”